ಕಳಿಸುವುದಕ್ಕೆ ಆದೇಶವಿದೆ, ಕರೆಸಿಕೊಳ್ಳುವುದಕ್ಕೆ?

"ನಾಲ್ಕೇಟು ಹಾಕಿ ಮೇಷ್ಟ್ರೇ, ಸ್ಕೂಲ್ ಮಾತ್ರ ಬಿಡುಸ್ಬೇಡಿ." ಹಾಸನ ಸೀಮೆಯ ಹೆಡ್‌ಮಾಸ್ಟರುಗಳಿಗೆ ಈ ಮಾತು ಹೊಸದಲ್ಲ. ಮಗ ತರಗತಿಯಲ್ಲಿ ಯಾರಿಗೋ ಹೊಡೆದ, ಬ್ಯಾಗಿನಲ್ಲಿ ಮೊಬೈಲ್ ಸಿಕ್ಕಿತು, ಗುಟ್ಕಾ ಸಿಕ್ಕಿತು, ಟೀಚರಿಗೆ ಎದುರು ಮಾತಾಡಿದ ಎಂದು ಕರೆಸಿಕೊಂಡಾಗ ಅಪ್ಪನೋ ಅಮ್ಮನೋ ಕೈಮುಗಿದು ಹೇಳುವ ಮಾತು ಇದು. ಇದರ ಮೊದಲರ್ಧವನ್ನು ಕಾನೂನು ಒಪ್ಪುವುದಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಉಳಿದರ್ಧಕ್ಕೆ ಅದೇ ಕಾಯ್ದೆಯ 16ನೇ ಸೆಕ್ಷನ್ ಬೆಂಬಲವಾಗಿ ನಿಂತಿದೆ: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಫೇಲು ಮಾಡುವುದಕ್ಕೆ ದಾರಿ ತೆರೆಯಿತೇ ಹೊರತು ಹೊರಹಾಕುವುದಕ್ಕೆ ತೆರೆಯಲಿಲ್ಲ.

ಹೊರಹಾಕುವುದಕ್ಕೂ ಒಳಗಿಟ್ಟುಕೊಳ್ಳುವುದಕ್ಕೂ ನಡುವೆ ಇರುವುದೇ ಸಸ್ಪೆನ್ಷನ್. ನಮ್ಮ ಊರುಗಳಲ್ಲಿ ಅದು ಎಷ್ಟೋ ಸಲ ಕಾಗದದ ಮೇಲೆ ಬರುವುದೇ ಇಲ್ಲ. "ಒಂದು ವಾರ ಬರಬೇಡ, ಬರುವಾಗ ಅಪ್ಪನನ್ನು ಕರ್ಕೊಂಡು ಬಾ" ಎಂಬಲ್ಲಿಗೆ ಮುಗಿಯುತ್ತದೆ. 16ನೇ ಸೆಕ್ಷನ್ನಿನಲ್ಲಿ ಇಂಥ ತಾತ್ಕಾಲಿಕ ಅಮಾನತಿನ ಪ್ರಸ್ತಾಪವೇ ಇಲ್ಲ. ಅದೂ ಅಲ್ಲದೆ ಹೊಡೆದಾಟ, ಮೊಬೈಲು, ಪ್ರೇಮಪತ್ರ, ಸಿಗರೇಟುಗಳ ತಕರಾರು ಹೆಚ್ಚಾಗಿ ಬರುವುದು ಒಂಬತ್ತು, ಹತ್ತು, ಪಿಯುಸಿಯ ವಯಸ್ಸಿನಲ್ಲಿ. ಕಾಯ್ದೆಯ ನೆರಳು ಎಂಟನೇ ತರಗತಿಗೇ ನಿಂತುಹೋಗುತ್ತದೆ. ಹಾಗಾಗಿ ಹದಿನಾಲ್ಕು ಹದಿನೈದರ ಹುಡುಗನನ್ನು ಎಷ್ಟು ದಿನ ಹೊರಗಿಡಬಹುದು, ಯಾರು ತೀರ್ಮಾನಿಸಬೇಕು, ಅವನು ಹೇಗೆ ವಾಪಸು ಬರಬೇಕು ಎಂಬುದೆಲ್ಲ ಆಯಾ ಶಾಲೆಯ ಮುಖ್ಯಸ್ಥರ ಸ್ವಭಾವದ ಮೇಲೆ ನಿಂತಿದೆ.

ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಕೋಲು ಕೆಳಗಿಡಿ ಎಂದು ಹೇಳಿದ ವ್ಯವಸ್ಥೆ ಅದರ ಬದಲಿಗೆ ಅವರ ಕೈಗೆ ಏನನ್ನೂ ಕೊಡಲಿಲ್ಲ. ಬಹುಪಾಲು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪೂರ್ಣಾವಧಿ ಆಪ್ತಸಮಾಲೋಚಕರಿಲ್ಲ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ತುಂಬಿದ್ದಾರೆ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಇನ್ನೊಬ್ಬನ ತಲೆ ಒಡೆದರೆ, ಹೊಡೆಸಿಕೊಂಡವನ ಮನೆಯವರು ಗೇಟಿಗೆ ಬಂದು ನಿಂತರೆ, ಹೆಡ್‌ಮಾಸ್ಟರಿಗೆ ಹೊಳೆಯುವುದು ಒಂದೇ ದಾರಿ: ಹುಡುಗನನ್ನು ಕೆಲವು ದಿನ ಕಣ್ಣಿಂದ ದೂರ ಕಳಿಸುವುದು. ಕೆಲವೊಮ್ಮೆ ಅದು ಅಗತ್ಯವೂ ಹೌದು. ಹಾಗೆ ಕಳಿಸಿದ ಮಗುವನ್ನು ಕರೆಸಿಕೊಳ್ಳುವ ಜವಾಬ್ದಾರಿ ಯಾರದ್ದೆಂದು ನಾವು ಎಲ್ಲೂ ಬರೆದಿಟ್ಟಿಲ್ಲ ಎಂಬುದೇ ನನ್ನ ತಕರಾರು.

ಆ ಒಂದು ವಾರ ಹುಡುಗ ಏನು ಮಾಡುತ್ತಾನೆ? ನಾಲ್ಕು ಊರುಗಳಲ್ಲಿ ನಾಲ್ಕು ಉತ್ತರ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದೆ. ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆ ಸೊಪ್ಪು ಮುರಿದು ಬ್ಯಾರನ್ನಿನಲ್ಲಿ ಬೇಯಿಸುವ ಕಾಲ ಬರುತ್ತದೆ. ಹಗಲೂ ರಾತ್ರಿ ಬೆಂಕಿ ಕಾಯಬೇಕು, ಆಳು ಸಿಗುವುದಿಲ್ಲ. ಆಗ ಮನೆಗೆ ಬಂದ ಹುಡುಗ ಶಿಕ್ಷೆ ಅನುಭವಿಸುವವನಾಗಿ ಉಳಿಯುವುದಿಲ್ಲ, ಮನೆಗೆ ಬೇಕಾದವನಾಗುತ್ತಾನೆ. ಶುಂಠಿ ಕೀಳುವ ಕಾಲದಲ್ಲೂ ಹೀಗೆಯೇ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ, ಹೆದ್ದಾರಿ ಬದಿಯ ಹೋಟೆಲು, ಗ್ಯಾರೇಜು. ಹೊಳೆನರಸೀಪುರದಲ್ಲಿ ನಾಲೆ ಬಯಲಿನ ಗದ್ದೆ ಕೆಲಸ. ಹಾಸನ ನಗರದಲ್ಲಿ ಬಸ್‌ ನಿಲ್ದಾಣ. ಎಷ್ಟೋ ಮಕ್ಕಳು ಸಸ್ಪೆಂಡ್ ಆದದ್ದನ್ನು ಮನೆಯಲ್ಲಿ ಹೇಳುವುದೇ ಇಲ್ಲ. ಬೆಳಗ್ಗೆ ಸಮವಸ್ತ್ರ ತೊಟ್ಟು, ಪಾಸು ತೋರಿಸಿ ಬಸ್ಸು ಹತ್ತಿ, ನಿಲ್ದಾಣದಲ್ಲೋ ಗೆಳೆಯನ ರೂಮಿನಲ್ಲೋ ಸಂಜೆಯವರೆಗೆ ಹೊತ್ತು ಕಳೆದು ವಾಪಸಾಗುತ್ತಾರೆ. ಮಗು ಶಾಲೆಯಲ್ಲಿದೆ ಎಂದು ಮನೆ, ಮನೆಯಲ್ಲಿದೆ ಎಂದು ಶಾಲೆ ತಿಳಿದುಕೊಂಡಿರುವ ಈ ಗಂಟೆಗಳು ಎಲ್ಲಕ್ಕಿಂತ ಅಪಾಯದವು.

ಹುಡುಗಿಯ ಕಥೆ ಬೇರೆ. ಮೊಬೈಲಿನಲ್ಲಿ ಫೋಟೊ ಸಿಕ್ಕಿತು, ಚೀಟಿ ಸಿಕ್ಕಿತು ಎಂದು ಮನೆಗೆ ಕಳಿಸಿದರೆ ಅವಳನ್ನು ವಾಪಸು ಕಳಿಸಬೇಕೋ ಬೇಡವೋ ಎಂಬ ಮಾತು ಅಡುಗೆಮನೆಯಲ್ಲಿ ಶುರುವಾಗುತ್ತದೆ. ಸೋದರಮಾವ ಬರುತ್ತಾನೆ, ಗಂಡು ನೋಡುವ ಮಾತಾಗುತ್ತದೆ. ಬಾಲ್ಯವಿವಾಹ ತಡೆಯುವ ಕಾಯ್ದೆ ಇದೆ, 1098 ಮಕ್ಕಳ ಸಹಾಯವಾಣಿ ಇದೆ. ಆದರೆ ಶಾಲೆಯಿಂದಲೇ ಕೆಟ್ಟ ಹೆಸರು ಹೊತ್ತು ಬಂದ ಹುಡುಗಿ ತನ್ನ ಪರವಾಗಿ ಶಾಲೆಗೇ ಫೋನು ಮಾಡುವಳೆಂದು ನಿರೀಕ್ಷಿಸುವುದು ಹೇಗೆ? ಹುಡುಗಿಯರ ವಿಷಯದಲ್ಲಿ "ಒಂದು ವಾರ ಬರಬೇಡ" ಎಂಬ ಮಾತನ್ನು ಆಡಲೇಬಾರದು ಎನ್ನುವಷ್ಟು ಖಚಿತ ಅಭಿಪ್ರಾಯ ನನ್ನದು.

ಇನ್ನು ವಾಪಸು ಬರುವ ದಿನ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾನೆ. ಹೆಡ್‌ಮಾಸ್ಟರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಹುಡುಗನ ಕೈಗೆ ಬಿಳಿ ಹಾಳೆ ಕೊಟ್ಟು ಮುಚ್ಚಳಿಕೆ ಬರೆ ಎನ್ನುತ್ತಾರೆ. ಎಡಗಡೆ 'ಇಂದ', ಬಲಗಡೆ 'ಗೆ', ನಡುವೆ 'ಮಾನ್ಯರೇ'. ಇನ್ನು ಮುಂದೆ ಇಂಥ ತಪ್ಪು ಮಾಡುವುದಿಲ್ಲ, ಮಾಡಿದಲ್ಲಿ ಶಾಲೆಯವರು ಕೈಗೊಳ್ಳುವ ಕ್ರಮಕ್ಕೆ ಬದ್ಧನಾಗಿರುತ್ತೇನೆ. ಕೆಳಗೆ ಹುಡುಗನ ಸಹಿ, ಅದರ ಕೆಳಗೆ ಅಪ್ಪನ ಸಹಿ ಇಲ್ಲವೇ ಹೆಬ್ಬೆಟ್ಟು. ಹಾಳೆ ಫೈಲು ಸೇರುತ್ತದೆ. ಹುಡುಗ ಎರಡನೇ ಪೀರಿಯಡ್ಡಿನ ಮಧ್ಯದಲ್ಲಿ ತರಗತಿಯ ಬಾಗಿಲಲ್ಲಿ ನಿಲ್ಲುತ್ತಾನೆ. "ಬಂದ್ಯಾ ಮಹಾರಾಯ" ಎನ್ನುತ್ತಾರೆ ಮೇಷ್ಟ್ರು, ತರಗತಿ ನಗುತ್ತದೆ. ಅವನ ಜಾಗದಲ್ಲಿ ಇನ್ಯಾರೋ ಕೂತಿರುತ್ತಾರೆ. ಗಣಿತದಲ್ಲಿ ಒಂದು ಅಧ್ಯಾಯ ಮುಗಿದಿದೆ, ವಿಜ್ಞಾನದ ನೋಟ್ಸ್ ಆರು ಪುಟ ಮುಂದೆ ಹೋಗಿದೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಟೆಸ್ಟು ತಪ್ಪಿಹೋಗಿದೆ. ಹತ್ತನೇ ತರಗತಿಯಾದರೆ ಆ ಟೆಸ್ಟಿನ ಅಂಕ ಎಸ್ಸೆಸ್ಸೆಲ್ಸಿಯ ಆಂತರಿಕ ಅಂಕಕ್ಕೆ ಸೇರುವಂಥದ್ದು. ಹೋಗದ ದಿನಗಳು ಹಾಜರಾತಿಯಲ್ಲಿ ಗೈರು ಎಂದೇ ದಾಖಲಾಗಿವೆ, ಪರೀಕ್ಷೆಗೆ ಕೂರಲು ಶೇ 75ರ ಹಾಜರಾತಿ ಬೇಕು. ಹುಡುಗ ಏನೇನು ಮಾಡಬಾರದು ಎಂಬುದೆಲ್ಲ ಮುಚ್ಚಳಿಕೆಯಲ್ಲಿದೆ, ಶಾಲೆ ಅವನಿಗೆ ಏನು ಮಾಡಿಕೊಡುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ಈ ಪ್ರಶ್ನೆಯನ್ನು ಬೇರೆಯವರು ಹೇಗೆ ನಿಭಾಯಿಸಿದ್ದಾರೆ ಎಂದು ನೋಡಿದರೆ, ಎಡವಿ ಎಡವಿಯೇ ಕಲಿತಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ, ಒಹಾಯೊ ರಾಜ್ಯದ ಕೊಲಂಬಸ್ ನಗರದ ವಿದ್ಯಾರ್ಥಿಗಳು ಹೂಡಿದ್ದ ಗಾಸ್ ವಿರುದ್ಧ ಲೋಪೆಜ್ ಮೊಕದ್ದಮೆಯಲ್ಲಿ, ಹತ್ತು ದಿನದೊಳಗಿನ ಸಸ್ಪೆನ್ಷನ್ನಿಗೂ ಆರೋಪ ಏನೆಂದು ತಿಳಿಸಿ ಮಗುವಿನ ಮಾತು ಕೇಳಲೇಬೇಕು ಎಂದಿತು. ಅದೇ ದೇಶ 1990ರ ದಶಕದಲ್ಲಿ ತಪ್ಪು ಕಂಡ ಕೂಡಲೇ ಹೊರಗೆ ಎಂಬ ಶೂನ್ಯ ಸಹನೆಯ ಹಾದಿ ಹಿಡಿಯಿತು. 2008ರಲ್ಲಿ ಅಲ್ಲಿನ ಮನೋವಿಜ್ಞಾನಿಗಳ ಸಂಘದ ಕಾರ್ಯಪಡೆ ಈ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾಗಿದ್ದಕ್ಕೆ ಆಧಾರವಿಲ್ಲ ಎಂದು ವರದಿ ಕೊಟ್ಟಿತು. 2011ರಲ್ಲಿ ಟೆಕ್ಸಸ್‌ನ ಸುಮಾರು ಹತ್ತು ಲಕ್ಷ ಮಕ್ಕಳ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಬಂತು. ಏಳರಿಂದ ಹನ್ನೆರಡನೇ ತರಗತಿಯ ನಡುವೆ ಶೇ 60ರಷ್ಟು ಮಕ್ಕಳು ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದರು ಇಲ್ಲವೇ ಹೊರಬಿದ್ದಿದ್ದರು. ಶಾಲೆಯ ವಿವೇಚನೆಗೆ ಬಿಟ್ಟ ಸಣ್ಣ ತಪ್ಪುಗಳಿಗಾಗಿ ಹೊರಗಿಟ್ಟ ಮಕ್ಕಳು ಮರುವರ್ಷವೇ ಬಾಲನ್ಯಾಯ ವ್ಯವಸ್ಥೆಯ ಕಟ್ಟೆ ಹತ್ತುವ ಸಾಧ್ಯತೆ ಉಳಿದವರಿಗಿಂತ ಹೆಚ್ಚೂಕಡಿಮೆ ಮೂರು ಪಟ್ಟಿತ್ತು. ಸಸ್ಪೆಂಡ್ ಮಾಡಿದ್ದರಿಂದಲೇ ಹೀಗಾಯಿತೆಂದು ಇದರಿಂದ ಹೇಳಲಾಗದು, ಮೊದಲೇ ಕಷ್ಟದಲ್ಲಿದ್ದ ಮಕ್ಕಳೇ ಸಸ್ಪೆಂಡ್ ಆಗಿರಬಹುದು. ಹಾಗಿದ್ದರೆ ಕೈಹಿಡಿಯಬೇಕಾದ ಮಕ್ಕಳನ್ನೇ ಆರಿಸಿ ಹೊರಗೆ ಕಳಿಸಿದಂತಾಯಿತಲ್ಲ.

ಇಂಗ್ಲೆಂಡಿನ ಪದ್ಧತಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಅಲ್ಲಿ ಒಂದು ಶೈಕ್ಷಣಿಕ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಒಟ್ಟು 45 ಶಾಲಾ ದಿನಕ್ಕಿಂತ ಹೆಚ್ಚು ಹೊರಗಿಡುವಂತಿಲ್ಲ. ಅಮಾನತು ಐದು ದಿನ ದಾಟಿದರೆ ಆರನೇ ದಿನದಿಂದ ಆ ಮಗುವಿಗೆ ಬೇರೆಡೆ ಪೂರ್ಣಾವಧಿ ಪಾಠದ ಏರ್ಪಾಡು ಶಾಲೆಯೇ ಮಾಡಬೇಕು. ವಾಪಸು ಬರುವಾಗ ಮಗು, ಪೋಷಕರು, ಶಿಕ್ಷಕರು ಕೂತು ಮುಂದಿನ ದಾರಿ ಮಾತಾಡುವ ಸಭೆ ನಡೆಸಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಂದು ಪ್ರೌಢಶಾಲೆಯಲ್ಲಿ 1994ರಲ್ಲಿ ಮಾರ್ಗರೆಟ್ ಥಾರ್ಸ್‌ಬೋರ್ನ್ ಎಂಬಾಕೆ ಇನ್ನೊಂದು ದಾರಿ ಪ್ರಯೋಗಿಸಿದರು: ನೋಯಿಸಿದವನು, ನೊಂದವನು, ಇಬ್ಬರ ಮನೆಯವರು ಒಂದೆಡೆ ಕೂತು ಆದ ಹಾನಿಯನ್ನು ಸರಿಪಡಿಸುವುದು ಹೇಗೆಂದು ಮಾತಾಡುವುದು. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕೂತು ರಾಜಿ ಮಾಡಿಸುವ ರೂಢಿ ಬಲ್ಲವರಿಗೆ ಇದು ಪರಕೀಯ ಅನ್ನಿಸದು. ಆದರೆ ನಮ್ಮ ರಾಜಿಯಲ್ಲಿ ಬಲವಿದ್ದವನ ಕಡೆಗೇ ತಕ್ಕಡಿ ವಾಲುವುದನ್ನೂ ನಾವು ಬಲ್ಲೆವು. ಜಾತಿ, ಜಮೀನು, ಪಂಚಾಯಿತಿಯ ರಾಜಕೀಯ ಎಲ್ಲವೂ ಶಾಲೆಯ ಜಗಳದೊಳಕ್ಕೆ ಬಂದು ಕೂರುತ್ತವೆ. ಇಂಥ ಮಾತುಕತೆ ಎಲ್ಲಕ್ಕೂ ಮದ್ದಲ್ಲ ಎಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ರ‍್ಯಾಂಡ್ ಸಂಸ್ಥೆ 44 ಶಾಲೆಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಸಸ್ಪೆನ್ಷನ್ನಿನಲ್ಲಿ ಕಳೆದುಹೋಗುತ್ತಿದ್ದ ದಿನಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದರು, ಆದರೆ ಆರರಿಂದ ಎಂಟನೇ ತರಗತಿಯ ಮಕ್ಕಳ ಕಲಿಕೆ ಹಿಂದೆ ಬಿತ್ತು. ಹೊರಗೆ ಕಳಿಸುವುದನ್ನು ನಿಲ್ಲಿಸಿದ ಮಾತ್ರಕ್ಕೆ ಒಳಗಿರುವ ತರಗತಿ ನೆಟ್ಟಗಾಗುವುದಿಲ್ಲ.

ನೊಂದ ಮಗುವಿನ ವಿಷಯದಲ್ಲಿ ನಮ್ಮದೇ ಸುಪ್ರೀಂ ಕೋರ್ಟ್ 1973ರಲ್ಲಿ ಕೊಟ್ಟ ತೀರ್ಪೊಂದನ್ನು ನೆನೆಯಬೇಕು. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಹುಡುಗಿಯರ ಹಾಸ್ಟೆಲಿಗೆ ರಾತ್ರಿ ನುಗ್ಗಿದ ವಿದ್ಯಾರ್ಥಿಗಳನ್ನು ಕಾಲೇಜು ಎರಡು ವರ್ಷ ಹೊರಹಾಕಿತ್ತು. ಹುಡುಗಿಯರು ನಮ್ಮೆದುರು ಸಾಕ್ಷಿ ಹೇಳಲಿಲ್ಲ, ಇದು ಅನ್ಯಾಯ ಎಂದು ಅವರು ಮೊರೆಹೋದಾಗ, ಆರೋಪ ತಿಳಿಸಿ ಉತ್ತರ ಪಡೆದಿದ್ದು ಸಾಕು, ಬೆದರಿದ ಹುಡುಗಿಯರನ್ನು ಎದುರಿಗೆ ನಿಲ್ಲಿಸಬೇಕಿಲ್ಲ ಎಂದು ಕೋರ್ಟ್ ಹೇಳಿತು. ಮರಳಿ ಬರುವವನ ಹಕ್ಕಿನಷ್ಟೇ ಅವನ ಪಕ್ಕದ ಬೆಂಚಿನವರ ಭಯವೂ ಲೆಕ್ಕಕ್ಕೆ ಬರಬೇಕು. ತನಗೆ ಹೊಡೆದವನು ಸೋಮವಾರ ಬರುತ್ತಾನೆ ಎಂಬುದು ಹೊಡೆಸಿಕೊಂಡವನಿಗೆ ಸೋಮವಾರದ ಬೆಳಗ್ಗೆ ಬಾಗಿಲಲ್ಲಿ ಗೊತ್ತಾಗಬಾರದು. ಶುಕ್ರವಾರವೇ ಅವನನ್ನೂ ಅವನ ಮನೆಯವರನ್ನೂ ಕರೆದು ಹೇಳಬೇಕು. ಅವನು ಎಲ್ಲಿ ಕೂರಲು ಇಷ್ಟಪಡುತ್ತಾನೆ, ಊಟದ ಸಾಲಿನಲ್ಲಿ, ಬಸ್ಸಿನಲ್ಲಿ ಯಾರು ಜೊತೆಗಿರುತ್ತಾರೆ ಎಂದು ಕೇಳಬೇಕು. ಜಾಗ ಬದಲಿಸುವುದಾದರೆ ಬದಲಾಗಬೇಕಾದವನು ಹೊಡೆದವನೇ. ಹೊಡೆದಾಟದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಗಿದ್ದರೆ ಅದನ್ನು ಅಳಿಸಿಹಾಕಿಸುವ ಕೆಲಸವೂ ಅವನು ಬರುವ ಮೊದಲೇ ಆಗಬೇಕು. ಮೊಕದ್ದಮೆಯಲ್ಲಿ ಸಿಕ್ಕ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಊರಿನ ವಾಟ್ಸ್‌ಆ್ಯಪ್ ಗುಂಪುಗಳವರು ಇದನ್ನು ತಿಳಿದಿರಬೇಕು. ಲೈಂಗಿಕ ದೌರ್ಜನ್ಯದ ಪ್ರಶ್ನೆ ಬಂದರಂತೂ ಅದು ಸಸ್ಪೆನ್ಷನ್ನಿನಲ್ಲಿ ಮುಗಿಸುವ ಸಂಗತಿಯೇ ಅಲ್ಲ, ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು.

ಮರಳಿ ಬರುವ ಮಗುವಿನ ಜೀವದ ಪ್ರಶ್ನೆಯನ್ನೂ ಬಿಚ್ಚಿ ಹೇಳಬೇಕು. ಮರ್ಯಾದೆ ಹೋಯಿತು ಎಂಬ ಭಾವನೆ ಹದಿಹರೆಯದಲ್ಲಿ ಎಷ್ಟು ದೂರ ಒಯ್ಯಬಲ್ಲದು ಎಂಬುದನ್ನು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ನಾವು ಮತ್ತೆ ಮತ್ತೆ ಓದಿದ್ದೇವೆ. ಅಮಾನತಿನ ಮೊದಲ ರಾತ್ರಿ, ಮರಳುವ ಹಿಂದಿನ ರಾತ್ರಿ, ಎರಡೂ ಕಷ್ಟದವು. ಆದ್ದರಿಂದ ಮಗುವಿನ ಕೈಗೆ ಚೀಟಿ ಕೊಟ್ಟು ಒಂಟಿಯಾಗಿ ಬಸ್ಸು ಹತ್ತಿಸಬಾರದು, ಮನೆಯ ಹಿರಿಯರ ಕೈಗೇ ಒಪ್ಪಿಸಬೇಕು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವರ ಊರು ಎಷ್ಟೋ ಸಲ ಬೇರೆ ತಾಲ್ಲೂಕಿನಲ್ಲಿರುತ್ತದೆ. ಮನೆಯಲ್ಲಿ ಹೊಡೆಯಬೇಡಿ, ಒಂಟಿಯಾಗಿ ಬಿಡಬೇಡಿ ಎಂದು ಶಾಲೆಯವರೇ ಪೋಷಕರಿಗೆ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ಹಾಸನದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಈ ವಿವರಗಳು ಅಮಾನತಿನ ಪತ್ರದ ಕೆಳಗೆ ಎರಡು ಸಾಲಾಗಿ ಅಚ್ಚಾಗಿರಬೇಕು.

ಹೊರಗಿದ್ದ ಮಕ್ಕಳನ್ನು ಮರಳಿ ತರುವುದು ಕರ್ನಾಟಕಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಚಿಣ್ಣರ ಅಂಗಳ, ಕೂಲಿಯಿಂದ ಶಾಲೆಗೆ, ಮರಳಿ ಬಾ ಶಾಲೆಗೆ, ಈ ಹೆಸರುಗಳು ಇಲ್ಲಿನ ಹಳೆಯ ಶಿಕ್ಷಕರಿಗೆ ಬಾಯಿಪಾಠ. ದನ ಕಾಯುತ್ತಿದ್ದ, ಇಟ್ಟಿಗೆ ಹೊರುತ್ತಿದ್ದ ಮಕ್ಕಳನ್ನು ಬೇಸಿಗೆಯಲ್ಲಿ ಕೂರಿಸಿ, ಹಾಡಿಸಿ, ಅಕ್ಷರ ಹತ್ತಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದವರು ಅವರೇ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಹೈಕೋರ್ಟ್ ತಾನಾಗಿ ಎತ್ತಿಕೊಂಡ ಪ್ರಕರಣದ ನಂತರ, ಏಳು ದಿನ ಕಾರಣವಿಲ್ಲದೆ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದೇ ಪರಿಗಣಿಸಿ ಹುಡುಕಿ ಹೋಗಬೇಕೆಂಬ ಕ್ರಮ ನಮ್ಮಲ್ಲಿ ಬಂತು. ವಿದ್ಯಾರ್ಥಿಗಳ ಜಾಡು ಹಿಡಿಯುವ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಸಂಖ್ಯೆ ಇದೆ. ತಾನಾಗಿ ಬಿಟ್ಟುಹೋದ ಮಗುವನ್ನು ಹುಡುಕಲು ಇಷ್ಟೆಲ್ಲ ಏರ್ಪಾಡು ಇರುವಾಗ, ಶಾಲೆಯೇ ಕಳಿಸಿದ ಮಗುವಿಗೆ ಅದರಲ್ಲೊಂದು ಪಾಲು ಯಾಕಿಲ್ಲ?

ಕೋರ್ಟಿನ ಆದೇಶ ಗೇಟು ತೆರೆಸಬಹುದು, ತರಗತಿಯನ್ನಲ್ಲ. 1985ರ ಜುಲೈನಲ್ಲಿ ಕೇರಳದಲ್ಲಿ ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತದ್ದಕ್ಕಾಗಿ ಶಾಲೆಯಿಂದ ಹೊರಬಿದ್ದ ಮೂವರು ಮಕ್ಕಳನ್ನು ವಾಪಸು ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1986ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. 2021ರ ಡಿಸೆಂಬರಿನಲ್ಲಿ ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದದಲ್ಲಿ ರಾಜ್ಯದ ಹೈಕೋರ್ಟ್ 2022ರ ಮಾರ್ಚ್ 15ರಂದು ಸಮವಸ್ತ್ರ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ತಿಂಗಳುಗಳಲ್ಲಿ ಗೇಟಿನ ಹೊರಗೆ ನಿಂತ ಹುಡುಗಿಯರು ಮರಳಬೇಕಾದದ್ದು ತಮ್ಮೆದುರು ಘೋಷಣೆ ಕೂಗಿದ ಸಹಪಾಠಿಗಳ ನಡುವೆಯೇ. ವಿವಾದದಲ್ಲಿ ಯಾರ ಪಕ್ಷ ಹಿಡಿದವರೂ ಈ ಒಂದು ಸಂಗತಿಯನ್ನು ಒಪ್ಪಿಯಾರು: ಆ ತರಗತಿಗಳಲ್ಲಿ ಯಾರಾದರೂ ಕೂತು ಮಾತಾಡಿಸಬೇಕಿತ್ತು. ಇದಕ್ಕೆ ಹೋಲಿಸಿದರೆ ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಮಕ್ಕಳ ಬ್ಯಾಗು ತಪಾಸಣೆ ಮಾಡಿ ಸಿಗರೇಟು, ಗರ್ಭನಿರೋಧಕಗಳು ಸಿಕ್ಕಿ ಗದ್ದಲವಾದಾಗ, ಸಸ್ಪೆಂಡ್ ಮಾಡುವ ಬದಲು ಆಪ್ತಸಮಾಲೋಚನೆಗೆ ಕಳಿಸಿ ಎಂದು ಪೋಷಕರಿಗೆ ಹೇಳಿದ ಶಾಲೆಗಳು ವಿವೇಕದಿಂದ ನಡೆದುಕೊಂಡವು. ಬೆಂಗಳೂರಿನಲ್ಲಿ ಸಮಾಲೋಚಕರು ಸಿಗುತ್ತಾರೆ, ಹಳ್ಳಿಮೈಸೂರಿನಲ್ಲಿ, ಹಿರೀಸಾವೆಯಲ್ಲಿ ಎಲ್ಲಿಂದ ತರುವುದು ಎಂದು ಕೇಳಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಾದ ಒಬ್ಬ ಸಮಾಲೋಚಕರಾದರೂ ಇರಬೇಕು, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರ ಜೊತೆ ನಂಟು ಇಟ್ಟುಕೊಳ್ಳಬೇಕು ಎಂದು ಮಾರ್ಗಸೂಚಿ ಕೊಟ್ಟಿದೆ. ಅದು ಜಾರಿಯಾಗುವವರೆಗೆ ಒಂದು ಹೋಬಳಿಗೆ ಒಬ್ಬರಂತೆ ವಾರಕ್ಕೊಂದು ದಿನ ಬಂದರೂ ಆದೀತು.

ಹಾಸನಕ್ಕೆ ಇನ್ನೊಂದು ಒತ್ತಡವಿದೆ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಈ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಅದು ನಿಜವಾದ ಹೆಮ್ಮೆ, ಶಿಕ್ಷಕರು ಸಂಜೆ ತರಗತಿ ನಡೆಸಿ ಗಳಿಸಿದ್ದು. ಆದರೆ ಫಲಿತಾಂಶದ ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ತುಂಟನೂ ಓದಿನಲ್ಲಿ ಹಿಂದೆ ಬಿದ್ದವನೂ ಶಾಲೆಗೆ ಹೊರೆಯಾಗಿ ಕಾಣತೊಡಗುವ ಅಪಾಯವೂ ಇದೆ. ಒಂಬತ್ತನೇ ತರಗತಿಯ ಕೊನೆಯಲ್ಲಿ "ಟಿಸಿ ತಗೊಂಡು ಬೇರೆ ಕಡೆ ಸೇರಿಸಿ" ಎಂದು ನಯವಾಗಿ ಹೇಳುವ ಖಾಸಗಿ ಶಾಲೆಗಳನ್ನು ಎಲ್ಲ ಊರಿನವರೂ ಬಲ್ಲರು. ಸಸ್ಪೆಂಡ್ ಆದ ಹುಡುಗ ತಾನಾಗಿ ಬರದಿದ್ದರೆ ಒಳ್ಳೆಯದೇ ಆಯಿತು ಎಂಬ ಆಲೋಚನೆ ಒಂದೇ ಒಂದು ಸ್ಟಾಫ್‌ರೂಮಿನಲ್ಲಿ ಸುಳಿದರೂ ಅದು ದೊಡ್ಡ ನಷ್ಟ.

ಮುಚ್ಚಳಿಕೆಯ ಹಾಳೆಯ ಹಿಂಬದಿ ಖಾಲಿ ಇರುತ್ತದೆ. ಅಲ್ಲಿ ಶಾಲೆ ತನ್ನ ಪಾಲಿನದನ್ನು ಬರೆಯಲಿ ಎಂಬುದು ನನ್ನ ಸಲಹೆ. ಮರಳುವ ದಿನ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲೇ ಹುಡುಗನನ್ನು ಬರಮಾಡಿಕೊಳ್ಳುವ ಶಿಕ್ಷಕರ ಹೆಸರು, ಅವನೇ ಇಷ್ಟಪಟ್ಟವರಾದರೆ ಒಳ್ಳೆಯದು. ತಪ್ಪಿದ ನೋಟ್ಸ್ ಯಾವ ಸಹಪಾಠಿ ಕೊಡುತ್ತಾನೆ, ತಪ್ಪಿದ ಎಫ್‌ಎ ಯಾವ ದಿನ ಬರೆಸುತ್ತಾರೆ, ಶೇ 75ರ ಲೆಕ್ಕದಲ್ಲಿ ಅವನಿಗೆ ಇನ್ನೆಷ್ಟು ದಿನ ಬಾಕಿ ಇದೆ. ಸಿಟ್ಟು ಬಂದಾಗ ತರಗತಿಯಿಂದ ಎದ್ದು ಯಾರ ಬಳಿ ಹೋಗಬಹುದು. ಹಳೆಯ ವಿಷಯವನ್ನು ತರಗತಿಯಲ್ಲಿ ಯಾರೂ ಎತ್ತುವುದಿಲ್ಲ ಎಂಬ ಒಪ್ಪಂದ, ಶಿಕ್ಷಕರೂ ಸೇರಿ. ಎರಡು ವಾರ ಕಳೆದ ಮೇಲೆ ಅಪ್ಪ ಅಥವಾ ಅಮ್ಮನಿಗೆ ಒಂದು ಫೋನು, ಅದೂ ದೂರು ಹೇಳುವುದಕ್ಕಲ್ಲ. ಬಹುಪಾಲು ಮನೆಗಳಿಗೆ ಶಾಲೆಯಿಂದ ಒಳ್ಳೆಯ ಸುದ್ದಿಯ ಫೋನು ಬಂದದ್ದೇ ಇಲ್ಲ, ಅಂಥ ಒಂದು ಕರೆ ಮಾಡುವ ಕೆಲಸವನ್ನು ಹತ್ತು ಮುಚ್ಚಳಿಕೆ ಮಾಡಲಾರವು.

ಅಮಾನತಿನ ದಿನಗಳಿಗೂ ಒಂದು ಜಾಗ ಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪುಸ್ತಕ, ಕಂಪ್ಯೂಟರು, ಮೇಲ್ವಿಚಾರಕರು ಅಲ್ಲಿದ್ದಾರೆ. ಹುಡುಗನನ್ನು ಹೊರಗಿಡಲೇಬೇಕಾದರೆ ಬೆಳಗ್ಗೆ ಹತ್ತಕ್ಕೆ ಅಲ್ಲಿ ಸಹಿ ಹಾಕಲಿ, ಶಾಲೆ ಕೊಟ್ಟ ಪಾಠ ಅಲ್ಲಿ ಬರೆಯಲಿ. ಬ್ಯಾರನ್ನಿಗಿಂತ, ಬಸ್‌ ನಿಲ್ದಾಣಕ್ಕಿಂತ ಅದು ಒಳ್ಳೆಯ ಜಾಗ. ಇನ್ನೂ ಒಳ್ಳೆಯದು ಶಾಲೆಯೊಳಗೇ ಬೇರೆ ಕೋಣೆಯಲ್ಲಿ ಕೂರಿಸಿ ಬಿಸಿಯೂಟ ಕೊಟ್ಟು ಪಾಠ ಬರೆಸುವುದು, ಆದರೆ ಹೆಚ್ಚುವರಿ ಕೋಣೆ, ಹೆಚ್ಚುವರಿ ಶಿಕ್ಷಕರು ಇರುವ ಶಾಲೆಗಳು ಎಷ್ಟಿವೆ?

ಇದಕ್ಕೆಲ್ಲ ಹೊಸ ಕಾನೂನಿಗೆ ಕಾಯಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಈಗಾಗಲೇ ಪ್ರತಿ ಸರ್ಕಾರಿ ಶಾಲೆಯಲ್ಲಿದೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಮೂರು ದಿನಕ್ಕಿಂತ ಹೆಚ್ಚು ಹೊರಗಿಟ್ಟ ಪ್ರತಿ ಮಗುವಿನ ಹೆಸರು, ಕಾರಣ, ಮರಳುವ ದಿನಾಂಕ ಬಿಇಒ ಕಚೇರಿಗೆ ಬರಬೇಕು, ಆ ದಿನ ಮಗು ಬಾರದಿದ್ದರೆ ಏಳು ದಿನ ಕಾಯದೆ ಮರುದಿನವೇ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಆ ಮನೆಗೆ ಹೋಗಬೇಕು ಎಂದು ಜಿಲ್ಲಾ ಉಪನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಿದರೆ ಕೆಲಸ ಶುರುವಾಗುತ್ತದೆ. ಅದು ಜೂನ್ ಮುಗಿಯುವುದರೊಳಗೆ, ಅರಕಲಗೂಡಿನ ಬ್ಯಾರನ್ನುಗಳಿಗೆ ಬೆಂಕಿ ಬೀಳುವ ಮೊದಲೇ, ಶಾಲೆಗಳಿಗೆ ತಲುಪಬೇಕು.